ಮಾರ್ಜರಿಯ ಕಾಗದದ ಕಿರೀಟ

ಎರಡನೆಯ ಭಾನುವಾರ ಪಾದ್ರಿ ಲಟ್ರೆಲ್ ಆ ಪ್ರಶ್ನೆ ಕೇಳಿದರು. ಉತ್ತರ ಬರುವುದಿಲ್ಲವೆಂಬ ಧೈರ್ಯದಿಂದ ಆಗಲೇ ಮುಂದಿನ ಹಾಡಿನ ಪುಟ ಹುಡುಕುತ್ತಿದ್ದರು. ಆಗ ಹಿಂದಿನ ಸಾಲಿನಲ್ಲಿ ಯಾರೋ ಗಂಟಲು ಸರಿಮಾಡಿಕೊಂಡರು.

"ಕ್ಷಮಿಸಿ. ನನ್ನದೊಂದು ತಕರಾರಿದೆ."

ವಿಚ್‌ಬರ್ನ್ ಚರ್ಚಿನಲ್ಲಿ ಈ ಮಾತನ್ನು ಕಿವಿಯಾರೆ ಕೇಳಿದವರು ಬದುಕಿದ್ದವರಲ್ಲಿ ಒಬ್ಬರೂ ಇರಲಿಲ್ಲ. ಪಾದ್ರಿಯ ಕೈಯಿಂದ ಪುಸ್ತಕ ಜಾರಿತು. ಮೊದಲ ಸಾಲಿನಲ್ಲಿ ಕರಿ ಟೋಪಿ ಹಾಕಿಕೊಂಡು ಕೂತಿದ್ದ ಎನಿಡ್ ಸ್ಟ್ಯಾಗ್‌ಗೆ ಯಾರೋ ಬೆನ್ನಿಗೆ ತಣ್ಣೀರು ಎರಚಿದ ಹಾಗಾಯಿತು. ತಕರಾರು ಎತ್ತಿದ್ದು ಅವಳ ಅಕ್ಕನ ಮೇಲೆ. ತೀರಿಕೊಂಡು ಇನ್ನೂ ಗೋರಿಯ ಮಣ್ಣು ಆರದ ಮಾರ್ಜರಿಯ ಮೇಲೆ.

ಆ ಊರಿನ ಪದ್ಧತಿ ಹಾಗಿತ್ತು. ಆ ಸೀಮೆಯಲ್ಲೇ ಹುಟ್ಟಿ, ಮದುವೆಯಾಗದೆ, ಹೆಸರು ಕೆಡಿಸಿಕೊಳ್ಳದೆ ಸತ್ತ ಹೆಣ್ಣಿಗೆ ಒಂದು ಕಾಗದದ ಕಿರೀಟ ಕಟ್ಟುತ್ತಿದ್ದರು. ಬಳ್ಳಿಯಂತೆ ಬಾಗುವ ಹಸಿ ಕಡ್ಡಿಗಳ ಚೌಕಟ್ಟು, ಅದರ ತುಂಬ ಬಿಳಿ ಕಾಗದದ ಹೂ, ಸುತ್ತ ತೂಗುವ ಕಾಗದದ ಕೈಗವಸುಗಳು. ಹೆಣದ ಮುಂದೆ ಅದನ್ನು ಹೊತ್ತು ತಂದು ಚರ್ಚಿನ ಅಟ್ಟದ ಕಂಬಿಗೆ ಮೂರು ಭಾನುವಾರ ತೂಗುಬಿಡುವುದು. ಮೂರೂ ಭಾನುವಾರ ಪಾದ್ರಿ ಕೇಳಬೇಕು: ಈಕೆಗೆ ಈ ಕಿರೀಟ ಸಲ್ಲದು ಎನ್ನುವವರು ಯಾರಾದರೂ ಇದ್ದೀರಾ? ಯಾರೂ ಇಲ್ಲದಿದ್ದರೆ ಅದು ಮೇಲೆ, ಮರದ ಸೂರಿನ ಕೆಳಗೆ ಏರಿ, ಹೆಸರಿನ ಪುಟ್ಟ ಹಲಗೆಯ ಸಮೇತ, ತಾನಾಗಿ ಕೊಳೆತು ಬೀಳುವ ತನಕ ಅಲ್ಲೇ ಇರುತ್ತಿತ್ತು. ಹಾಗೆ ಏರಿದವು ಒಂದು ಹಿಂಡೇ ಇದ್ದವು, ಚಹಾದ ಬಣ್ಣಕ್ಕೆ ತಿರುಗಿ, ಜೇಡರ ಬಲೆ ಹೊದ್ದು.

ಚರ್ಚು ನೋಡಲು ಬಂದವರಿಗೆ ಅವನ್ನೆಲ್ಲ ತೋರಿಸುವುದು ಎನಿಡ್‌ಳ ಕೆಲಸ. ಸಂಬಳದ್ದಲ್ಲ, ಪ್ರೀತಿಯದು. ಚಕಮಕಿ ಕಲ್ಲಿನ ಗೋಡೆ, ಮೂಗು ಮುರಿದ ಕಲ್ಲಿನ ಸರದಾರ, ಸುಣ್ಣದಡಿ ಅರ್ಧ ಕಾಣುವ ನರಕದ ಚಿತ್ರ, ಎಲ್ಲ ಮುಗಿಸಿ ಕೊನೆಗೆ ಕೊಡೆಯ ತುದಿಯನ್ನು ಮೇಲೆತ್ತಿ ಹೇಳುತ್ತಿದ್ದಳು: "ಇಷ್ಟು ಕಿರೀಟದಲ್ಲಿ ಒಂದಕ್ಕಾದ್ರೂ ಯಾರೂ ಎದುರು ಮಾತಾಡಿಲ್ಲ. ನಮ್ಮ ಊರಿನ ಹೆಣ್ಣುಮಕ್ಕಳು ಅಂಥವರು." ಬಂದವರು ಟೋಪಿ ತೆಗೆದು ಮೇಲೆ ನೋಡುತ್ತಿದ್ದರು. ಎನಿಡ್‌ಳ ಕತ್ತು ಸ್ವಲ್ಪ ಉದ್ದವಾಗುತ್ತಿತ್ತು.

ಈಗ ಅವಳ ಅಕ್ಕನ ಕಿರೀಟಕ್ಕೇ ಎದುರು ಮಾತು!

ಎದ್ದು ನಿಂತಿದ್ದವನು ಪೆಲ್ಲಿ. ಸರ್ಕಾರದ ಭೂಪಟದ ಕೆಲಸದಿಂದ ನಿವೃತ್ತನಾಗಿ ಲಂಡನ್ನಿನಿಂದ ಬಂದು ಊರಲ್ಲಿ ನೆಲೆಸಿದವನು. ಕೆಟ್ಟವನಲ್ಲ. ನಿಂತುಹೋಗಿದ್ದ ಗಡಿ ನಡಿಗೆಯನ್ನು ಮತ್ತೆ ಶುರುಮಾಡಿಸಿದ್ದೇ ಅವನು. ವಸಂತಕ್ಕೊಮ್ಮೆ ಊರವರನ್ನೆಲ್ಲ ಹೊರಡಿಸಿ, ಸೀಮೆಯ ಗಡಿಗುಂಟ ಬೇಲಿ ಹಾರಿಸಿ, ಹಳ್ಳ ದಾಟಿಸಿ, ಗಡಿಕಲ್ಲುಗಳಿಗೆ ಕೋಲಿನಿಂದ ಹೊಡೆಸುತ್ತಿದ್ದ.

"ಮಿಸ್ ಮಾರ್ಜರಿ ಹಿಬರ್ಡ್ ಅವರ ನಡತೆ ಬಗ್ಗೆ ಒಂದು ಮಾತೂ ಇಲ್ಲ" ಎಂದ ಪೆಲ್ಲಿ, ಟೈ ಸರಿಮಾಡಿಕೊಳ್ಳುತ್ತ. "ದೇವರಂಥವರು. ಆದ್ರೆ ಇಲ್ಲಿ ಹುಟ್ಟಿದವರಿಗೆ ಮಾತ್ರ ಅಂತ ನಿಯಮ ಇದೆಯಲ್ಲ. ಅವರ ಬ್ರೂಕ್ ಎಂಡ್ ಮನೆ ನಟ್ಟನಡುವೆ ಗಡಿ ಹಾದುಹೋಗುತ್ತೆ. ಹಳೇ ಹಳ್ಳ ಅಡುಗೆಮನೆ ಕೆಳಗೇ ಹರೀತಿತ್ತು. ಮೆಟ್ಟಿಲಿಂದ ಪಡುವಲಿಗೆ ವಿಚ್‌ಬರ್ನ್, ಮೂಡಲಿಗೆ ಸ್ಟೋಕ್‌ಹ್ಯಾಮ್. ಈ ವಸಂತದಲ್ಲಿ ನಾವು ಕಿಟಕಿಯಿಂದ ಹತ್ತಿ ಆ ಮನೆಯೊಳಗೇ ನಡೆದ್ವಲ್ಲ, ಆಗ ಮಿಸ್ ಹಿಬರ್ಡ್ ಮೂಡಲ ಕೋಣೆ ತೋರಿಸಿ, 'ಈ ಮನೇಲಿ ಹೆರಿಗೆ ಆದದ್ದು ಅಲ್ಲಿ' ಅಂತ ತಾವೇ ನನಗೆ ಹೇಳಿದ್ರು. ಅಂದ್ರೆ ಅವರು ಹುಟ್ಟಿದ್ದು ಸ್ಟೋಕ್‌ಹ್ಯಾಮ್ ಸೀಮೆಲಿ. ನನಗೆ ನಿಜವಾಗಿಯೂ ಬೇಸರ."

ಘಂಟೆ ಬಾರಿಸುವ ಜೋಬ್ ಕಿಸಕ್ಕೆಂದ. ಅವನ ಹೆಂಡತಿ ಮೊಣಕೈಯಿಂದ ತಿವಿದಳು. "ಅಯ್ಯೋ, ಇಷ್ಟೇನಾ! ನಾನೇನೋ ಅಂದ್ಕೊಂಡು ಎದೆ ಹೊಡ್ಕೊಳ್ತಿತ್ತು!" ಎಂದು ಯಾರೋ ಉಸಿರುಬಿಟ್ಟರು. ಅಟ್ಟದ ಕೆಳಗೆ ಕೂತ ಮುದುಕ ಮುದುಕಿಯರು ಮಾತ್ರ ನಗಲಿಲ್ಲ. ಎನಿಡ್ ಅದನ್ನು ಕಂಡಳು, ಆದರೆ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಕೋಪ ಅವಳ ಕಣ್ಣು ಕಟ್ಟಿತ್ತು.

ಬಾಗಿಲ ಬಳಿ ಪೆಲ್ಲಿಯನ್ನು ಹಿಡಿದಳು. "ಏನ್ರೀ, ಹದಿನೈದು ದಿನದ ಹಿಂದೆ ನಮ್ಮನೇಲಿ ಕೂತು ಸಾವಿನ ಕೇಕು ಮೂರು ತುಂಡು ತಿಂದ್ರಲ್ಲ, ಆಗ ಎಲ್ಲಿತ್ತು ನಿಮ್ಮ ಗಡಿ?"

"ಮಿಸೆಸ್ ಸ್ಟ್ಯಾಗ್, ಇತಿಹಾಸ ಅಂದ್ಮೇಲೆ ಸರಿಯಾಗಿರಬೇಕು ಅಂತ ನೀವೇ ಹೇಳ್ತಿರ್ತೀರಲ್ಲ."

"ಸರಿಯಾಗೇ ಇರುತ್ತೆ. ಆ ಕೋಣೇಲಿ ಹುಟ್ಟಿದ್ದು ನಾನು! ನಾನು ಸ್ಟೋಕ್‌ಹ್ಯಾಮಿನೋಳಾದ್ರೆ ಆಗ್ಲಿ, ನನಗೇನು ಕಿರೀಟ ಬರೋದಿಲ್ಲ, ಗಂಡನ್ನ ಕಟ್ಕೊಂಡು ಹೂಳಿದೋಳು. ನಮ್ಮ ಮಾರ್ಜ್ ಹುಟ್ಟಿದ್ದು ಪಡುವಲ ಕೋಣೇಲಿ. ಸಾಕ್ಷಿ ತರ್ತೀನಿ, ಮುಂದಿನ ಭಾನುವಾರ ನಿಮ್ಮ ಬಾಯಿಂದಲೇ ತಪ್ಪಾಯ್ತು ಅನ್ನಿಸ್ತೀನಿ."

"ಅನ್ನೋಕೆ ನನಗೆ ಸಂತೋಷವೇ" ಎಂದ ಪೆಲ್ಲಿ. ಅದು ನಿಜವೂ ಆಗಿತ್ತು.

ಸಾಕ್ಷಿ ಎಂದರೆ ಟ್ಯಾಮ್ಸಿನ್ ಯೇಟ್ಸ್. ಚರ್ಚಿನ ಹಿಂದೆ, ಹಿಂದಿನ ಕಾಲದ ಯಾರೋ ಪುಣ್ಯಾತ್ಮ ಬಡ ಮುದುಕಿಯರಿಗೆಂದು ಕಟ್ಟಿಸಿದ ಸಾಲುಮನೆಗಳಲ್ಲಿ ಕೊನೆಯದು ಅವಳದು. ಅವಳ ತಾಯಿ ಊರಿಗೆಲ್ಲ ಸೂಲಗಿತ್ತಿ. ಸೋಮವಾರ ಬೆಳಿಗ್ಗೆ ಎನಿಡ್ ಹೋದಾಗ ಟ್ಯಾಮ್ಸಿನ್ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಮಡಿಲಲ್ಲಿ ಬೋಗುಣಿ ಇಟ್ಟುಕೊಂಡು ಹುರುಳಿಕಾಯಿಯ ನಾರು ಬಿಡಿಸುತ್ತಿದ್ದಳು.

"ಬಾರೇ. ನೀನು ಬರ್ತೀಯ ಅಂತ ಗೊತ್ತಿತ್ತು. ಪಡುವಲ ಕೋಣೆ. ಹೋಗಿ ಹೇಳು ಆ ನಕ್ಷೆ ಮುದುಕನಿಗೆ. ಚಹಾ ಕುಡೀತೀಯಾ?"

"ಚಹಾ ಆಮೇಲೆ. ನೀನು ಮಾರ್ಜ್‌ಗಿಂತ ಚಿಕ್ಕೋಳು. ಅವಳು ಹುಟ್ಟಿದ್ದು ನೀನೆಲ್ಲಿ ನೋಡಿದ್ದೆ?"

"ಅಮ್ಮ ಹೇಳಿದ್ಲು. ನಿಮ್ಮ ಅಪ್ಪ ಅಮ್ಮನ ದೊಡ್ಡ ಮಂಚ ಪಡುವಲ ಕೋಣೇಲೇ ತಾನೇ ಇದ್ದದ್ದು? ಮಂಚ ಬಿಟ್ಟು ಸೂರಿನ ಮೇಲೆ ಹೆರ್ತಾರಾ ಯಾರಾದ್ರೂ?"

"ಅಷ್ಟು ಸಾಲದು. ಅವನು ಕೇಳ್ತಾನೆ, ಹಾಗಾದ್ರೆ ಎನಿಡ್‌ನ ಯಾಕೆ ಮೂಡಲ ಕೋಣೇಲಿ ಹೆತ್ರು ಅಂತ. ನಾನೇ ರಾತ್ರಿಯಿಡೀ ಯೋಚನೆ ಮಾಡಿದೆ. ಅದು ಸೇಬು ಹರವೋ ಕೋಣೆ. ಬೆಂಕಿಗೂಡಿಲ್ಲ. ನಾನು ಹುಟ್ಟಿದ್ದು ಜನವರಿ. ಅಂಥ ಚಳೀಲಿ ಅಮ್ಮ ಬೆಚ್ಚಗಿನ ಮಂಚ ಬಿಟ್ಟು ಅಲ್ಲಿಗೆ ಯಾಕೆ ಹೋದ್ಲು?"

"ನಿನಗ್ಯಾಕೆ ಅದೆಲ್ಲ? ಆ ಕೋಣೆ ರಸ್ತೆಗೆ ಕಾಣೋಲ್ಲ, ಅದಕ್ಕೆ."

"ರಸ್ತೆಗೆ ಕಾಣದಿದ್ರೇನು? ಗಂಡ ಇದ್ದ ಹೆಂಗಸು, ಕದ್ದು ಹೆರಬೇಕಾ?" ಎನಿಡ್ ನಕ್ಕಳು. "ನಾನು ಹುಟ್ಟಿದ ದಿನ ನೀನು ನಿಮ್ಮಮ್ಮನ ಜೊತೆ ಬಂದಿದ್ದೆ ಅಂತ ಎಷ್ಟು ಸಲ ಹೇಳಿದ್ದೀಯ, ಬಿಸಿನೀರು ಹೊತ್ತು ಹೊತ್ತು ತೋಳು ಬಿದ್ದುಹೋಯ್ತು ಅಂತ. ಹಾಗಿದ್ರೆ ನಿನಗೆ ನೆನಪಿರಬೇಕು."

"ನೆನಪಿಲ್ದೆ ಏನು?" ಎಂದಳು ಟ್ಯಾಮ್ಸಿನ್, ಮಾತು ಬೇರೆ ದಾರಿಗೆ ಹೊರಳಿದ್ದಕ್ಕೆ ಖುಷಿಯಾಗಿ. ಹಳೆಯ ಕಥೆ ಹೇಳುವುದೆಂದರೆ ಅವಳಿಗೂ ಪ್ರಾಣ. "ಎರಡು ಹಂಡೆ ನೀರು. ಮೆಟ್ಟಿಲು ನೋಡಿದ್ದೀಯಲ್ಲ, ಏಣಿ ಥರ. ನಾನು ಹತ್ತುವಾಗ ಸ್ವಲ್ಪ ಚೆಲ್ತು. ನಿಮ್ಮಮ್ಮ ಒಲೆ ಹತ್ರ ಹಿಟ್ಟು ನಾದ್ತಾ ನಿಂತಿದ್ಲು, ಕೈ ತುಂಬ ಹಿಟ್ಟು, ಹಾಗೇ ತಿರುಗಿ ನನ್ನ ಗದರಿದ್ಲು ನೋಡು, ಏ ಹುಡುಗಿ, ನೆಲ ಒರೆಸೋಳು ನಿಮ್ಮ..."

ಅವಳ ಕೈ ನಿಂತಿತು.

ಎನಿಡ್ ಇನ್ನೂ ನಗುತ್ತಲೇ ಇದ್ದಳು. ಮುಖದ ಮೇಲಿನ ನಗು ಅಳಿಸಲು ಅವಳಿಗೆ ಸಮಯ ಸಿಕ್ಕಿರಲಿಲ್ಲ. "ಯಾವಾಗ?" ಎಂದಳು. "ಅದೇ ದಿನಾನಾ?"

ಟ್ಯಾಮ್ಸಿನ್ ಬೋಗುಣಿಯೊಳಗೆ ನೋಡಿದಳು.

"ಅಮ್ಮ ಕೆಳಗೆ ಹಿಟ್ಟು ನಾದ್ತಿದ್ಲು" ಎಂದಳು ಎನಿಡ್. ಒಂದೊಂದು ಮಾತನ್ನೂ ಕಲ್ಲಿನ ಮೇಲೆ ಕಲ್ಲು ಇಟ್ಟ ಹಾಗೆ ಇಡುತ್ತ ಹೋದಳು. "ನೀನು ಮೇಲಕ್ಕೆ ನೀರು ಒಯ್ತಿದ್ದೆ. ಮೇಲೆ ನಾನು ಹುಟ್ತಿದ್ದೆ. ಮಾರ್ಜ್ ಎಲ್ಲಿದ್ಲು, ಟ್ಯಾಮ್ಸಿನ್?"

ಸಾಲುಮನೆಯ ಬೇರೆ ಯಾರೋ ಕಂಬಳಿ ಕೊಡವುತ್ತಿದ್ದ ಸದ್ದು ಕೇಳಿಸುತ್ತಿತ್ತು. ಟ್ಯಾಮ್ಸಿನ್ ಬೋಗುಣಿಯನ್ನು ಕೆಳಗಿಟ್ಟಳು.

ಎನಿಡ್ ಹೊಸ್ತಿಲ ಮೇಲೆ, ಮಡಿ ಕೋಟಿನಲ್ಲೇ ಕುಸಿದು ಕೂತಳು. ಅರವತ್ತು ದಾಟಿದ ಹೆಂಗಸು. ಮೊಮ್ಮಕ್ಕಳಿರುವವಳು. ಊರಿನ ಪ್ರತಿ ಕಲ್ಲಿನ ಹುಟ್ಟು ತನಗೆ ಗೊತ್ತು ಎನ್ನುತ್ತಿದ್ದವಳು.

"ಮಾರ್ಜ್‌ಗೆ ಆಗ ಹದಿನೇಳು" ಎಂದಳು ಟ್ಯಾಮ್ಸಿನ್ ಕೊನೆಗೆ. "ಒಂದು ಸಲಾನೂ ಕೂಗಲಿಲ್ಲ ಕಣೇ. ದಿಂಬಿನ ಮೂಲೆ ಕಚ್ಕೊಂಡಿದ್ಲು."

"ಯಾರು? ಗಂಡಸು?"

"ಅವಳು ಹೇಳಲಿಲ್ಲ. ನಾವು ಕೇಳಲಿಲ್ಲ."

"ನಾವು ಅಂದ್ರೆ? ಎಷ್ಟು ಜನಕ್ಕೆ ಗೊತ್ತು?"

"ಈಗ ಉಳಿದಿರೋರಲ್ಲಿ? ಜೋಬ್‌ನ ಅಮ್ಮನಿಗೆ ಗೊತ್ತಿತ್ತು, ಅಂದ್ಮೇಲೆ ಜೋಬ್‌ಗೆ ಗೊತ್ತು. ಅಟ್ಟದ ಕೆಳಗೆ ಕೂರ್ತೀವಲ್ಲ, ನಮಗೆಲ್ಲ ಗೊತ್ತು."

"ಮತ್ತೆ ಎರಡು ಭಾನುವಾರ ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ರಲ್ಲ! ಪಾದ್ರಿ ಕೇಳ್ತಾರೆ, ದೇವರ ಮನೇಲಿ!"

ಈಗ ಟ್ಯಾಮ್ಸಿನ್‌ಗೆ ಸಿಟ್ಟು ಬಂತು. "ಕೂರೋದೇ ಅದಕ್ಕೆ! ಸುಮ್ಮನಿರೋಕೇ ಹೋಗೋದು! ಅಲ್ಲವೇ ಎನಿಡ್, ಬಂದೋರಿಗೆಲ್ಲ ಕೊಡೆ ಎತ್ತಿ ತೋರಿಸ್ತೀಯಲ್ಲ, ಒಂದಕ್ಕೂ ಯಾರೂ ಎದುರಾಡಿಲ್ಲ ಅಂತ, ಯಾಕೆ ಅಂತ ಯಾವತ್ತಾದ್ರೂ ಯೋಚನೆ ಮಾಡಿದ್ದೀಯಾ? ಇಷ್ಟು ಹೆಂಗಸರು, ಇಷ್ಟು ವರ್ಷ, ಹೊಲದ ಕೊಯ್ಲು, ಸೈನ್ಯದೋರ ಬಿಡಾರ, ದೊಡ್ಡ ಬಂಗಲೆ ಚಾಕರಿ... ಒಬ್ಬಳೂ ಎಡವಲಿಲ್ವಾ? ಮೇಲೆ ತೂಗ್ತಿರೋದು ಅವರ ಶೀಲ ಅಲ್ಲ ಕಣೇ. ಊರಿನೋರು ನಾಲಿಗೆ ಕಚ್ಕೊಂಡಿದ್ದು!"

ಎನಿಡ್‌ಗೆ ಇದ್ದದ್ದು ಒಬ್ಬ ತಾಯಿ, ಒಬ್ಬ ಅಕ್ಕ. ಒಂದೇ ಬೆಳಗಿನಲ್ಲಿ ಇಬ್ಬರೂ ಜಾಗ ಬದಲಿಸಿದ್ದರು. ಅದರ ಮೇಲೆ ಈಗ ಚರ್ಚಿನ ಸೂರೂ ಕಳಚಿ ಬಿದ್ದಿತ್ತು.

"ಅವಳು ಬೇಡ ಅಂದಿದ್ಲು" ಎಂದಳು, ತನಗೇ ಹೇಳಿಕೊಳ್ಳುವಂತೆ. ಕೊನೆಯ ದಿನಗಳಲ್ಲಿ ಹಾಸಿಗೆಯಲ್ಲಿ ಮಾರ್ಜರಿ ಅವಳ ಮುಂಗೈ ಹಿಡಿದು ಹೇಳಿದ್ದಳು: ನನಗೆ ಆ ಕಾಗದದ್ದೇನೂ ಬೇಡ, ಎನಿಡ್. ಎನಿಡ್ ಹೊದಿಕೆ ಸರಿಮಾಡುತ್ತ, ನಿನ್ನ ವಿನಯ ಸಾಕು, ನಿನಗಲ್ಲದೆ ಇನ್ಯಾರಿಗೆ, ಎಂದು ಗದರಿದ್ದಳು. "ಸುಳ್ಳು ಅವಳಿಗೆ ಬೇಡ ಆಗಿತ್ತು. ನಾನು ಹೂ ಕತ್ತರಿಸಿ ಅಂಟಿಸಿ ಅವಳ ತಲೆ ಮೇಲೆ ಕೂರಿಸಿದೆ."

"ನಿನಗೆ ಗೊತ್ತಿರಲಿಲ್ಲ. ಈಗ ಸುಮ್ಮನಿರು. ನಾನೇ ಹೋಗಿ ಪೆಲ್ಲಿಗೆ ಪಡುವಲ ಕೋಣೆ ಅಂತ ಹೇಳಿ ಬರ್ತೀನಿ. ಅದು ನಿಜಾನೇ. ಅವಳು ಹುಟ್ಟಿದ್ದು ಅಲ್ಲೇ. ಭಾನುವಾರ ಕಳೆದ್ರೆ ಮುಗೀತು."

ಭಾನುವಾರ ಬರುವತನಕದ ದಿನಗಳನ್ನು ಎನಿಡ್ ಹೇಗೆ ಕಳೆದಳೋ ಅವಳಿಗೇ ತಿಳಿಯದು. ಒಲೆಯ ಮೇಲಿಟ್ಟ ಕೆಟಲು ಸೀದುಹೋಯಿತು. ಬೆಕ್ಕು ಹಸಿದು ಅತ್ತಿತು. ಅವಳು ಮೂಡಲ ಕೋಣೆಯ ಬಾಗಿಲಲ್ಲಿ ನಿಂತು ನಿಂತು ಬರುತ್ತಿದ್ದಳು. ಸೇಬಿನ ವಾಸನೆ ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ. ಆದರೆ ಗುರುತು ಬೇರೆಲ್ಲ ಕಡೆ ಇತ್ತು. ಶಾಲೆಯ ಮೊದಲ ದಿನ ಕೈ ಹಿಡಿದು ಒಯ್ದವಳು ಮಾರ್ಜ್. ಜ್ವರದಲ್ಲಿ ಹಣೆ ಒರೆಸಿದವಳು ಮಾರ್ಜ್. ಎನಿಡ್‌ಳ ಮದುವೆಯ ದಿನ ಅಮ್ಮ ಅತಿಥಿಗಳಿಗೆ ಹಂದಿಮಾಂಸ ಬಡಿಸುತ್ತ ಗಟ್ಟಿಯಾಗಿಯೇ ಓಡಾಡಿದ್ದಳು. ಪಾತ್ರೆ ತೊಳೆಯುವ ಕೋಣೆಯಲ್ಲಿ ಒಬ್ಬಳೇ ನಿಂತು ಅತ್ತದ್ದು ಮಾರ್ಜ್. ಹೊಟ್ಟೆಕಿಚ್ಚಿಗೆ ಅಳುತ್ತಾಳೆ ಎಂದುಕೊಂಡಿದ್ದಳು ಎನಿಡ್, ಅಯ್ಯೋ, ಹಾಗೆ ಗಂಡನ ಕಿವಿಯಲ್ಲಿ ಹೇಳಿ ನಕ್ಕೂ ಇದ್ದಳು. ಗಂಡ ಸತ್ತ ಮೇಲೆ ಬ್ರೂಕ್ ಎಂಡ್‌ಗೆ ಮರಳಿದಾಗ ಬಾಗಿಲು ತೆರೆದ ಮಾರ್ಜ್, ಬೆಳೆದ ಹೆಂಗಸಾದ ಎನಿಡ್‌ಳ ಬೂಟಿನ ದಾರವನ್ನು ಮಂಡಿಯೂರಿ ಬಿಚ್ಚಿದ್ದಳು. ಯಾವ ಅಕ್ಕ ಹಾಗೆ ಮಾಡುತ್ತಾಳೆ?

ಮೂರನೆಯ ಭಾನುವಾರ ಚರ್ಚು ತುಂಬಿ ಹೊರಗೂ ಜನ. ಸ್ಟೋಕ್‌ಹ್ಯಾಮಿನವರೂ ಒಂದು ಗುಂಪು ಬಂದಿದ್ದರು. ಗೆದ್ದರೆ ಕಿರೀಟ ತಮ್ಮ ಊರಿಗೆ ಎಂಬಂತೆ ಹೊಸ ಟೋಪಿ ಹಾಕಿಕೊಂಡಿದ್ದರು. ಪಾದ್ರಿ ಕೇಳುವ ಮೊದಲೇ ಪೆಲ್ಲಿ ಎದ್ದ.

"ನನ್ನ ತಪ್ಪು. ಮಿಸೆಸ್ ಯೇಟ್ಸ್ ಮನೆಗೇ ಬಂದು ಹೇಳಿದ್ರು. ಪಡುವಲ ಕೋಣೆ. ಮಿಸ್ ಹಿಬರ್ಡ್ ನಮ್ಮವರೇ. ತಕರಾರು ವಾಪಸ್."

ಜನ ಗುಜುಗುಜು ನಕ್ಕರು. ಯಾರೋ ಅವನ ಬೆನ್ನು ತಟ್ಟಿದರು. ಪಾದ್ರಿ ಹಗುರಾಗಿ, ಮೂರನೆಯ ಸಲಕ್ಕೆ ಕೇಳಿದರು: "ಈಕೆಗೆ ಈ ಕಿರೀಟ ಸಲ್ಲದು ಎನ್ನುವವರು ಯಾರಾದರೂ ಇದ್ದೀರಾ?"

ಎನಿಡ್ ಎದ್ದು ನಿಂತಳು.

ಅಟ್ಟದ ಕೆಳಗಿನಿಂದ "ಕೂತ್ಕೊಳೇ" ಎಂದು ಟ್ಯಾಮ್ಸಿನ್ ಪಿಸುಗುಟ್ಟಿದ್ದು ಚರ್ಚಿಗೆಲ್ಲ ಕೇಳಿಸಿತು.

"ಪಾದ್ರಿಗಳೇ, ಇದನ್ನ ಇಳಿಸಿ ಕೊಡಿ" ಎಂದಳು ಎನಿಡ್. "ಮನೆಗೆ ತಗೊಂಡು ಹೋಗ್ತೀನಿ."

"ಆದರೆ ಮಿಸೆಸ್ ಸ್ಟ್ಯಾಗ್, ಎಲ್ಲ ಬಗೆಹರಿದಿದೆಯಲ್ಲ! ಎದುರು ಹೇಳೋರು ಯಾರೂ ಇಲ್ಲ."

"ಇಲ್ಲ. ಅವಳಿಗೆ ಬೇಡವಾಗಿತ್ತು. ಅಷ್ಟೇ." ಅಷ್ಟಕ್ಕೇ ನಿಲ್ಲಿಸಬೇಕು ಎಂದು ಮನೆಯಿಂದ ಗಟ್ಟಿಮಾಡಿಕೊಂಡೇ ಬಂದಿದ್ದಳು. ಸುಳ್ಳೂ ತೂಗಬಾರದು, ಊರಿನ ಬಾಯಿಯೂ ಒಡೆಯಬಾರದು. ಮೇಲಿರುವ ಉಳಿದ ಹೆಣ್ಣುಗಳನ್ನು ಮುಟ್ಟುವ ಹಕ್ಕು ತನಗಿಲ್ಲ.

ಆದರೆ ಪೆಲ್ಲಿ ಒಳ್ಳೆಯವನು. ಒಳ್ಳೆಯವರನ್ನು ತಡೆಯುವುದು ಕಷ್ಟ. "ಇದು ನನ್ನಿಂದ ಆದ ನೋವು" ಎಂದ, ಎದೆಯ ಮೇಲೆ ಕೈಯಿಟ್ಟು. "ಮಿಸೆಸ್ ಸ್ಟ್ಯಾಗ್, ದಯವಿಟ್ಟು ಬೇಡ. ಇಂಥ ನಿಷ್ಕಳಂಕ ಹೆಣ್ಣುಮಗಳ ಕಿರೀಟ ನನ್ನ ದೆಸೆಯಿಂದ ಇಳೀತು ಅಂದ್ರೆ ನಾನು ಈ ಊರಲ್ಲಿ ಹೇಗಿರಲಿ? ಒಬ್ಬ ತಂಗಿಯಾಗಿ ನೀವು..."

"ತಂಗಿ ಅಲ್ಲ ರೀ ನಾನು!" ಎನಿಡ್‌ಳ ಧ್ವನಿ ಕಲ್ಲಿನ ಕಮಾನುಗಳಿಗೆ ಬಡಿದು ಮರಳಿತು. "ಅವಳು ನನ್ನ ಹೆತ್ತಮ್ಮ!"

ಘಂಟೆಯ ಹಗ್ಗ ಗೋಡೆಗೆ ಸೋಕುವುದು ಕೇಳಿಸಿತು. ಹೊಸಬರು ಬಾಯಿ ತೆರೆದು ಕೂತರು. ಪಾದ್ರಿ ಕಂಬ ಹಿಡಿದುಕೊಂಡರು. ಆದರೆ ನಿಜವಾಗಿ ಬೆಚ್ಚಿದ್ದು ಗೊತ್ತಿದ್ದವರೇ. ವಿಷಯಕ್ಕಲ್ಲ, ಅದು ಬಾಯಿಂದ ಹೊರಗೆ ಬಂದದ್ದಕ್ಕೆ. ಜೋಬ್ ತಲೆ ತಗ್ಗಿಸಿದ. ಅವನ ಚಿಕ್ಕಮ್ಮನ ಹೆಸರಿನ ಹಲಗೆ ನೇರ ಅವನ ತಲೆಯ ಮೇಲೆಯೇ ತೂಗುತ್ತಿತ್ತು. ಸಾಲು ಸಾಲಿನಲ್ಲಿ ಮುದುಕಿಯರು ಮಡಿಲು ನೋಡಿಕೊಂಡರು. ಮೇಲೆ ನೋಡಲು ಒಬ್ಬರಿಗೂ ಧೈರ್ಯವಿರಲಿಲ್ಲ.

ಪೆಲ್ಲಿಯ ಮುಖ ಸುಣ್ಣವಾಗಿತ್ತು. "ಹಾಗಾದ್ರೆ ಅವರು ನನಗೆ ಹೇಳಿದ್ದು..." ಎಂದ, "ಹೆರಿಗೆ ಅಂತ ಅವರು ತೋರಿಸಿದ್ದು..." ಎಂದು ಕೂತುಬಿಟ್ಟ.

ಆಗ ಎನಿಡ್‌ಗೂ ಹೊಳೆಯಿತು. ವಸಂತದ ಆ ದಿನ, ಊರೆಲ್ಲ ಮಣ್ಣಿನ ಬೂಟಿನಲ್ಲಿ ಮನೆಯೊಳಗೆ ನಡೆದು ಹೋಗುವಾಗ, ಮಾರ್ಜರಿ ಒಬ್ಬ ಹೊರಗಿನವನಿಗೆ ಅದನ್ನು ಹೇಳಿದ್ದಳು. ಇಷ್ಟು ವರ್ಷ ಯಾರಿಗೂ ಹೇಳದವಳು, ಕೋಣೆಯ ಬಾಗಿಲು ತೋರಿಸಿ, ಎಷ್ಟು ಹೇಳಬಹುದೋ ಅಷ್ಟು. ಪಕ್ಕದಲ್ಲೇ ಎನಿಡ್ ಎಲ್ಲರಿಗೂ ಸೇಬಿನ ಮದ್ಯ ಬಗ್ಗಿಸಿ ಕೊಡುತ್ತಿದ್ದಳು.

ಜೋಬ್ ಏಣಿ ತಂದ. ಯಾರೂ ಹೇಳಿರಲಿಲ್ಲ. ಕಿರೀಟ ಇಳಿಸಿ, ಅದರ ಕಡ್ಡಿ ಮುರಿಯದ ಹಾಗೆ ಎನಿಡ್‌ಳ ಕೈಯಲ್ಲಿಟ್ಟ. "ಜೋಪಾನ" ಎಂದ ಒರಟಾಗಿ. ಅವಳು ನಡುವಿನ ದಾರಿಯಲ್ಲಿ ಅದನ್ನು ಎರಡೂ ಕೈಯಲ್ಲಿ ಹಿಡಿದು ನಡೆದಳು. ಜನ ಕಾಲು ಹಿಂದಕ್ಕೆಳೆದು ದಾರಿ ಬಿಟ್ಟರು. ಹಿಂದೆ ಪಾದ್ರಿ ಹಾಡು ಹೇಳಿಸುವುದನ್ನೇ ಮರೆತು ನಿಂತಿದ್ದರು.

ಹೊರಗೆ ಬಿಸಿಲು. ಗೋರಿಯ ಮಣ್ಣು ಇನ್ನೂ ಉಬ್ಬಿಕೊಂಡೇ ಇತ್ತು. ಎನಿಡ್ ಕಿರೀಟವನ್ನು ಹುಲ್ಲಿನ ಮೇಲಿಟ್ಟು ನಿಂತಳು. ಹೇಳಬೇಕಾದ ಮಾತು ಒಂದೇ ಇತ್ತು, ಮಕ್ಕಳೂ ಹೇಳುವ ಮಾತು. ದಾರಿಯುದ್ದಕ್ಕೂ ನಾಲಿಗೆಯ ಮೇಲೆ ಇಟ್ಟುಕೊಂಡೇ ಬಂದಿದ್ದಳು. ಬಾಯಿ ತೆರೆದರೆ ಅದು ಬರಲಿಲ್ಲ. ಅಮ್ಮ ಎಂದರೆ ಹಿಟ್ಟಿನ ಕೈಯ ಇನ್ನೊಬ್ಬಳ ಮುಖವೇ ಎದ್ದು ಬರುತ್ತಿತ್ತು.

"ಮಾರ್ಜ್" ಎಂದಳು ಕೊನೆಗೆ. ಅಭ್ಯಾಸವಾದ ಹೆಸರೇ ಬಂತು, ಅಭ್ಯಾಸವಾದ ಗದರಿಕೆಯ ದನಿಯಲ್ಲೇ. "ಆ ನಕ್ಷೆಯೋನಿಗೆ ಹೇಳೋಕಾಯ್ತು. ನನಗೆ ಹೇಳಬಾರದಾಗಿತ್ತೇನೇ?"